ಚಳ್ಳಕೆರೆಯಿಂದ ಬ್ರಹ್ಮಗಿರಿಗೆ: ಒಂದು ಮೋಟಾರು ಸೈಕಲ್ಲಿನ ಯಾತ್ರೆ

ಚಿತ್ರದುರ್ಗದ ಜಿಲ್ಲೆಯ ಈಶಾನ್ಯ ಭಾಗದಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎಂಬ ಎರಡು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಮಲೆನಾಡಿನ ಕಡೆಯವರು ಈ ಸೀಮೆಯ ಹೆಸರನ್ನು ಕೇಳಿದೊಡನೆ ಬಿಸಿಲನ್ನೂ ಧೂಳನ್ನೂ ನೆನೆದು ನಿಟ್ಟುಸಿರು ಬಿಡುವುದುಂಟು. ಅದು ಸುಳ್ಳೇನೂ ಅಲ್ಲ. ನಾಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಇದೂ ಸೇರಿದುದು. ಆದರೆ ಮಳೆ ಕಡಿಮೆಯಾದ ಮಾತ್ರಕ್ಕೆ ಬಾಳು ಬರಡಾಗಬೇಕೆಂಬ ನಿಯಮವಿಲ್ಲ. ಚಳ್ಳಕೆರೆಯ ಶೇಂಗಾ ಎಣ್ಣೆ, ಕುರಿಯ ಉಣ್ಣೆಯ ಕಂಬಳಿ, ಮೊಳಕಾಲ್ಮುರಿನ ರೇಷ್ಮೆಯ ಸೀರೆ, ಕಾವಲುಗಳಲ್ಲಿ ಮೇಯ್ದು ಬೆಳೆದ ಅಮೃತಮಹಲ್ ದನಗಳು, ಇವೆಲ್ಲವೂ ಹೆಸರಾದುವೇ. ಇವುಗಳಲ್ಲಿ ಯಾವುದೂ ಮುಗಿಲು ತಾನಾಗಿ ಸುರಿದು ಕೊಟ್ಟ ಭಾಗ್ಯವಲ್ಲ. ಮನುಷ್ಯನ ಕೈಯ ಪಳಗಿಕೆಯಿಂದಲೂ ನಿತ್ಯದ ಆರೈಕೆಯಿಂದಲೂ ಬಂದುದು. ಆ ಆರೈಕೆಯ ಮಾತನ್ನೇ ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ. ಆದರೆ ಇಲ್ಲಿ ಆರೈಕೆಗೆ ಪಾತ್ರವಾದುದು ದನವೂ ಅಲ್ಲ, ಮಗ್ಗವೂ ಅಲ್ಲ. ಒಂದು ಮೋಟಾರು ಸೈಕಲ್ಲು.

ನಮ್ಮ ತಂಗಿಯ ಮನೆ ಚಳ್ಳಕೆರೆಯಲ್ಲಿದೆ. ಅವಳ ಮಗನು ಎಣ್ಣೆಯ ಗಿರಣಿಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಮಗಳನ್ನು ಮೊಳಕಾಲ್ಮುರಿನ ನೇಯ್ಗೆಯ ಮನೆತನಕ್ಕೆ ಕೊಟ್ಟಿದೆ. ಕಳೆದ ಆಶ್ವಯುಜ ಮಾಸದಲ್ಲಿ, ಹಬ್ಬ ಕಳೆದ ಮೇಲೆ, ಬ್ರಹ್ಮಗಿರಿಯ ಅಶೋಕಶಾಸನವನ್ನು ಕಣ್ಣಾರೆ ನೋಡಬೇಕೆಂಬ ಬಹುಕಾಲದ ಆಸೆಯಿಂದ ನಾವು ಅಲ್ಲಿಗೆ ಹೋದೆವು. ಅಳಿಯನು, "ಮಾವ, ಬಸ್ಸಿಗೇಕೆ ಕಾಯುತ್ತೀರಿ? ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇನೆ" ಎಂದನು.

ಆ ಗಾಡಿಯು ಹುಡುಗರು ಸ್ಪೋರ್ಟ್ಸ್ ಬೈಕು ಎಂದು ಕರೆಯುವ ಜಾತಿಯದು. ಮೈಯೆಲ್ಲ ಕವಚ ತೊಟ್ಟಂತೆ ಇದೆ. ಹಿಡಿಗಳು ತಗ್ಗಿನಲ್ಲಿವೆ, ಸವಾರನು ಮುಂದಕ್ಕೆ ಬಾಗಿ, ದೇವರಿಗೆ ನಮಸ್ಕಾರ ಮಾಡಹೊರಟವನಂತೆ ಕುಳಿತಿರಬೇಕು. ಹಿಂದೆ ಕುಳಿತುಕೊಳ್ಳುವವನ ಪೀಠವೋ, ಒಂದು ಗೇಣು ಅಗಲದ ಹಲಗೆ. ಅದೂ ಆನೆಯ ಬೆನ್ನಿನಷ್ಟು ಎತ್ತರದಲ್ಲಿ. ಅರುವತ್ತರ ಗಡಿಯಲ್ಲಿರುವ ಉಪಾಧ್ಯಾಯನಿಗೆ ಇದು ತಕ್ಕ ವಾಹನವೆಂದು ಯಾರೂ ಹೇಳಲಾರರು.

ನಮ್ಮ ತಂಗಿಯ ಚಿಂತೆ ಬೇರೆಯದು. ಆ ರಾತ್ರಿ ಊಟವಾದ ಮೇಲೆ ಅವಳು ಮೆಲ್ಲನೆ, "ಅಣ್ಣ, ನೀನು ಹೇಳಿದರೆ ಕೇಳುತ್ತಾನೆ. ಅದನ್ನು ಮಾರಿಬಿಡು ಎಂದು ಹೇಳು. ಅವನು ಮೊಳಕಾಲ್ಮುರಿಗೆ ಹೋದ ದಿನ, ತಿರುಗಿ ಬರುವವರೆಗೂ ನನಗೆ ನಿದ್ರೆಯಿಲ್ಲ" ಎಂದಳು. ಇಂತಹ ಮಾತು ಇಂದು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! ಹುಡುಗನಿಗೆ ವೇಗದ ಮೋಹ, ತಾಯಿಗೆ ಭಯ. ನಡುವೆ ಅಂಗಳದಲ್ಲಿ ನಿಂತಿರುವ ಆ ಮೂಕ ಯಂತ್ರ. ನಾವು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಅವನು ಅದನ್ನು ಹೇಗೆ ಓಡಿಸುತ್ತಾನೆಂಬುದಕ್ಕಿಂತ ಮೊದಲು, ಹೇಗೆ ಇಟ್ಟುಕೊಂಡಿದ್ದಾನೆಂಬುದನ್ನು ನೋಡಿ ಹೇಳುವೆವೆಂದೆವು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಳಿಯನು ಅಂಗಳದಲ್ಲಿ ಹಳೆಯ ಕಂಬಳಿಯ ತುಂಡೊಂದನ್ನು ಹಾಸಿ ಮಂಡಿಯೂರಿ ಕುಳಿತಿದ್ದನು. ಮೊದಲು ಗಾಲಿಗಳನ್ನು ನೋಡಿದನು. ಟೈರಿನ ಗಾಳಿಯನ್ನು ಹೀಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕಂತೆ. ಓಡಿ ಬಂದ ಟೈರಿನಲ್ಲಿ ಗಾಳಿ ಬಿಸಿಯಾಗಿ ಒತ್ತಡ ಏರಿರುತ್ತದೆ. ಹೆಚ್ಚಾಗಿದೆಯೆಂದು ಆಗ ಇಳಿಸಿದರೆ, ತಣ್ಣಗಾದಮೇಲೆ ಕಡಿಮೆ ಬಿದ್ದು ತಿರುವಿನಲ್ಲಿ ಗಾಡಿ ತೂರಾಡುವುದು. ಆಮೇಲೆ ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ ಬೆರಳಿನಿಂದಲೂ ಕಣ್ಣಿನಿಂದಲೂ ತಡವಿ ನೋಡಿದನು. ಈ ಸೀಮೆಯ ಹಾದಿಯ ಎರಡು ಮಗ್ಗುಲಲ್ಲಿಯೂ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ. ಅದರ ಮುಳ್ಳು ಒಳಗೆ ಮುರಿದು ನಿಂತರೆ, ಟ್ಯೂಬಿಲ್ಲದ ಟೈರಿನಲ್ಲಿ ಗಾಳಿ ಎರಡು ದಿನ ಮೆಲ್ಲಮೆಲ್ಲನೆ ಸೋರುತ್ತದೆ. ಸವಾರನಿಗೆ ತಿಳಿಯುವುದೇ ಇಲ್ಲ. ಮುಳ್ಳನ್ನು ಕಂಡೊಡನೆ ಕೀಳಬಾರದು. ತೂತು ಮುಚ್ಚುವ ಬತ್ತಿಯನ್ನು ಕೈಯಲ್ಲಿ ಸಿದ್ಧವಾಗಿಟ್ಟುಕೊಂಡೇ ಕೀಳಬೇಕು. ಇಲ್ಲವಾದರೆ ಅದುವರೆಗೆ ತೂತಿಗೆ ಬೆಣೆಯಾಗಿದ್ದುದೂ ಹೋಗಿ ಗಾಡಿ ನಡುದಾರಿಯಲ್ಲಿ ಕುಳಿತುಬಿಡುವುದು.

ಎರಡನೆಯದು ಸರಪಳಿ. ಯಂತ್ರದ ಬಲವನ್ನು ಹಿಂದಿನ ಗಾಲಿಗೆ ಒಯ್ಯುವುದು ಇದೊಂದೇ. ಹೆಚ್ಚು ಸಡಿಲವಾದರೆ ಹಲ್ಲುಗಳಿಂದ ಜಾರಿ ಬೀಳುವುದು. ಹೆಚ್ಚು ಬಿಗಿಯಾದರೆ ಬೇರಿಂಗುಗಳನ್ನು ತಿಂದುಹಾಕುವುದು. ಕೆಳಗಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ, ಗಾಡಿಯ ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿರುವಷ್ಟೇ ಆಟವಿದೆಯೇ ಎಂದು ನೋಡಬೇಕು. ಅದನ್ನೂ ಒಂದೆಡೆಯಲ್ಲಿ ನೋಡಿದರೆ ಸಾಲದು; ಗಾಲಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಹಲವು ಕಡೆ ನೋಡಬೇಕು. ಹಿಂದಿನ ಸಂಜೆಯೇ ಅವನು ಸರಪಳಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒರಸಿ, ತೊಂಬತ್ತನೆಯ ನಂಬರಿನ ಗೇರ್ ಎಣ್ಣೆಯನ್ನು ಒಳಸಾಲಿಗೆ ಸವರಿದ್ದನು. ಓಡಿ ಬಂದು ಬೆಚ್ಚಗಿರುವಾಗ ಸವರಿದರೆ ಎಣ್ಣೆ ಸಂದುಗಳಿಗೆ ಇಳಿಯುತ್ತದೆ. ಪೆಟ್ರೋಲನ್ನೂ ತಂತಿಯ ಬ್ರಷ್ಷನ್ನೂ ಸೋಕಿಸಬಾರದು. ಕೊಂಡಿಗಳ ನಡುವೆ ಇರುವ ರಬ್ಬರಿನ ಬಳೆಗಳು ಹಾಳಾಗುತ್ತವೆ. ಎಣ್ಣೆಯ ಪೇಟೆಯಲ್ಲಿ ಹುಟ್ಟಿದವನು ಶೇಂಗಾ ಎಣ್ಣೆಯನ್ನೇ ಏಕೆ ಹಾಕಬಾರದೆಂದು ನಾವು ಕೇಳಿದೆವು. "ಅದು ಒಗ್ಗರಣೆಗೇ ಸರಿ ಮಾವ. ಇಲ್ಲಿ ಹಾಕಿದರೆ ಅಂಟಾಗಿ, ದಾರಿಯ ಧೂಳನ್ನೆಲ್ಲ ಹಿಡಿದುಕೊಂಡು ಉಪ್ಪುಕಾಗದದಂತೆ ಉಜ್ಜುತ್ತದೆ" ಎಂದು ನಕ್ಕನು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸರಪಳಿಯನ್ನು ತೊಳೆಯುವಾಗ ಯಂತ್ರವನ್ನು ಚಾಲೂ ಮಾಡಿ, ಗೇರು ಹಾಕಿ, ಗಾಲಿ ತಾನಾಗಿ ತಿರುಗುವಂತೆ ಬಿಟ್ಟು ಬಟ್ಟೆ ಹಿಡಿಯುವವರಿದ್ದಾರೆ. ಕೆಲಸ ಬೇಗ ಮುಗಿಯುವುದೆಂಬ ಆಸೆ. ನಮ್ಮಲ್ಲಿ ಓದಿದ ಹುಡುಗನೊಬ್ಬನಿದ್ದನು. ಅವನ ಕೈಬರಹ ಮುತ್ತು ಪೋಣಿಸಿದಂತೆ ಇರುತ್ತಿದ್ದಿತು. ಶಾಲೆಯ ಕರಿಹಲಗೆಯ ಮೇಲೆ ದಿನದ ಸುಭಾಷಿತವನ್ನು ಬರೆಯುವ ಕೆಲಸ ಅವನದೇ. ದೊಡ್ಡವನಾದ ಮೇಲೆ ಒಂದು ಭಾನುವಾರ ಹೀಗೆಯೇ ಚಾಲೂ ಇದ್ದ ಗಾಡಿಯ ಸರಪಳಿಗೆ ಬಟ್ಟೆ ಹಿಡಿದನು. ಬಟ್ಟೆ ಹಲ್ಲಿಗೆ ಸಿಕ್ಕಿತು. ಬಟ್ಟೆಯ ಹಿಂದೆ ಬೆರಳೂ ಹೋಯಿತು. ಬಲಗೈಯ ತೋರುಬೆರಳು, ನಡುಬೆರಳುಗಳ ತುದಿಗಳು ಈಗ ಇಲ್ಲ. ಈಗಲೂ ನಮಗೆ ಯುಗಾದಿಗೆ ಕಾಗದ ಬರೆಯುತ್ತಾನೆ, ಅಕ್ಷರಗಳು ಸೊಟ್ಟಗಿವೆ. ಆ ಕಾಗದವನ್ನು ಓದುವಾಗಲೆಲ್ಲ ನಮಗೆ ಕರಿಹಲಗೆಯ ನೆನಪಾಗುತ್ತದೆ. ಯಂತ್ರ ನಿಂತಿರಬೇಕು, ಬೀಗದಕೈ ಜೇಬಿನಲ್ಲಿರಬೇಕು, ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಇದಕ್ಕೆ ವಿನಾಯಿತಿಯಿಲ್ಲ.

ಅಳಿಯನು ಕಡೆಯಲ್ಲಿ ಬ್ರೇಕಿಗೆ ಬಂದನು. ಮುಂದಿನ ಬ್ರೇಕಿನ ಹಿಡಿಯನ್ನು ಒತ್ತಿದನು, ಮತ್ತೆ ಒತ್ತಿದನು, ಅವನ ಮುಖ ಗಂಭೀರವಾಯಿತು. ಹಿಡಿ ಗಟ್ಟಿಯಾಗಿ ನಿಲ್ಲದೆ, ನೆನೆದ ಹತ್ತಿಯನ್ನು ಹಿಂಡಿದಂತೆ ಒಳಕ್ಕೆ ಹೋಗುತ್ತಿದ್ದಿತು. "ಮಾವ, ಇವತ್ತು ಹೊರಡುವುದು ಬೇಡ" ಎಂದನು. ಮೊಳಕಾಲ್ಮುರಿನಲ್ಲಿ ಅಕ್ಕನು ನಮಗಾಗಿ ಅಡಿಗೆ ಮಾಡಿ ಕಾಯುತ್ತಿದ್ದಳು. ಆದರೂ ಅವನ ಮಾತು ಬದಲಾಗಲಿಲ್ಲ. ಗಾಡಿಯನ್ನು ಬೀದಿಯ ಕೊನೆಯ ಮಿಸ್ತ್ರಿಯ ಬಳಿಗೆ ಮೆಲ್ಲನೆ ತಳ್ಳಿಕೊಂಡು ಹೋದನು. ಬ್ರೇಕಿನ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ತೇವ ಸೇರಿದಂತೆ ಅದು ಕಡಿಮೆ ಕಾವಿಗೇ ಕುದಿಯುತ್ತದೆ. ಕುದಿದು ಆವಿಯಾದರೆ ಹಿಡಿಯನ್ನು ಎಷ್ಟು ಒತ್ತಿದರೂ ಗಾಲಿಗೆ ಹಿಡಿತ ಮುಟ್ಟುವುದಿಲ್ಲ. ಆದುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಇವನ ಗಾಡಿಯಲ್ಲಿ ಆ ದ್ರವವು ಚಹದ ಬಣ್ಣಕ್ಕೆ ತಿರುಗಿದ್ದಿತು. ಒಳಗೆ ಗಾಳಿಯ ಗುಳ್ಳೆಗಳೂ ಸೇರಿದ್ದುವು. ಮಿಸ್ತ್ರಿಯು ಹೊಸದನ್ನು ತುಂಬಿ, ಗಾಳಿ ತೆಗೆದು, ಸವೆದ ಪ್ಯಾಡುಗಳನ್ನು ಬದಲಿಸಿ ಕೊಡುವ ವೇಳೆಗೆ ಎರಡು ದಿನ ಕಳೆದುವು. ಆ ಎರಡು ದಿನಗಳಲ್ಲಿ ನಮ್ಮ ತಂಗಿ ಏನೂ ಮಾತನಾಡಲಿಲ್ಲ. ಆದರೆ ಮಗನು ತಾನಾಗಿಯೇ ಪ್ರಯಾಣವನ್ನು ನಿಲ್ಲಿಸಿದುದನ್ನು ಅವಳು ನೋಡಿದ್ದಳು.

ಮೂರನೆಯ ದಿನ, ಇಬ್ಬರೂ ಶಿರಸ್ತ್ರಾಣ ಧರಿಸಿ, ಬಿಸಿಲೇರುವ ಮುನ್ನ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದೆವು. ಊರು ದಾಟಿದೊಡನೆ ಬಯಲು ತೆರೆದುಕೊಳ್ಳುತ್ತದೆ. ಕಿತ್ತ ಶೇಂಗಾ ಗಿಡಗಳನ್ನು ಹೊಲಗಳಲ್ಲಿ ಮೆದೆಮೆದೆಯಾಗಿ ಒಟ್ಟಿದ್ದರು. ಗಾಳಿ ಬಹಳ, ಎದುರಿನಿಂದ ದೊಡ್ಡ ಲಾರಿ ಹಾದುಹೋದಾಗ ಮಗ್ಗುಲಿನಿಂದ ಯಾರೋ ನೂಕಿದಂತಾಗುತ್ತದೆ. ಅಂತಹ ಕಡೆ ಅಳಿಯನು ವೇಗವನ್ನು ತಗ್ಗಿಸುತ್ತಿದ್ದನು. ದಾರಿಯಲ್ಲಿ ತಳುಕು ಸಿಕ್ಕಿತು. ಕುವೆಂಪು ಅವರ ಗುರುಗಳಾಗಿದ್ದ ತ. ಸು. ವೆಂಕಣ್ಣಯ್ಯನವರ ಮನೆತನವೂ, ದುರ್ಗದ ಕಾದಂಬರಿಗಳಿಂದ ಪ್ರಸಿದ್ಧರಾದ ತ. ರಾ. ಸುಬ್ಬರಾಯರ ಮನೆತನವೂ ಈ ಊರಿನದೇ. ಉಪಾಧ್ಯಾಯನಾದವನು ಇಲ್ಲಿ ಸುಮ್ಮನೆ ದಾಟಿಹೋಗಲಾರನು. ಗಾಡಿಯನ್ನು ನಿಲ್ಲಿಸಿ, ಕೆಳಗಿಳಿದು, ಒಂದು ಕ್ಷಣ ಕೈಮುಗಿದೆವು. ಮಂಡಿಗಳಿಗೂ ಆ ವಿರಾಮ ಬೇಕಾಗಿದ್ದಿತು.

ಅಲ್ಲಿ ಚಹ ಕುಡಿಯುತ್ತಿರುವಾಗ ನಾವು ಹಳೆಯ ಕಾಲದ ಗಾಡಿಗಳ ಕಥೆ ಹೇಳಿದೆವು. ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯು 1961ರಿಂದ ಚೆಕ್ ದೇಶದ ಮಾದರಿಯ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅವುಗಳಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುವುದು. ಒದ್ದು ಚಾಲೂ ಮಾಡುವ ಸನ್ನೆಯೇ ಮಡಿಸಿದರೆ ಗೇರಿನ ಸನ್ನೆಯಾಗುತ್ತಿದ್ದಿತು. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ದನದ ಡಾಕ್ಟರರು ಅಂಥದೊಂದನ್ನು ಇಟ್ಟುಕೊಂಡಿದ್ದರು. ನಡುದಾರಿಯಲ್ಲಿ ನಿಂತರೆ ಪ್ಲಗ್ಗನ್ನು ಬಿಚ್ಚಿ, ಮಸಿಯನ್ನು ಉಪ್ಪುಕಾಗದದಿಂದ ಉಜ್ಜಿ, ಕಿಡಿ ಹಾರುವುದೇ ಎಂದು ನೋಡಿ ಮತ್ತೆ ಹೊರಡುತ್ತಿದ್ದರು. ಅಳಿಯನು, "ಈಗಿನ ಗಾಡಿಯಲ್ಲಿ ಪೆಟ್ರೋಲನ್ನು ಅಳೆದು ಬಿಡುವುದೂ ಕಿಡಿ ಹಾರಿಸುವುದೂ ಒಂದು ಪುಟ್ಟ ಕಂಪ್ಯೂಟರಿನ ಕೆಲಸ ಮಾವ. ಬಿಚ್ಚುವುದಕ್ಕಿಂತ ಯೋಚಿಸುವುದೇ ಹೆಚ್ಚು" ಎಂದನು. ಆ ಮಾತು ಅಂದಿನ ಸಂಜೆಯೇ ನಿಜವಾಗಲಿದ್ದಿತು.

ಹಾನಗಲ್ಲಿನ ಬಳಿ ಹೆದ್ದಾರಿಯನ್ನು ಬಿಟ್ಟು ಮೊಳಕಾಲ್ಮುರಿಗೆ ಹೋದೆವು. ಬಂಡೆಗುಡ್ಡಗಳು ಊರನ್ನು ತಬ್ಬಿಕೊಂಡಂತಿವೆ. ಅಕ್ಕನ ಮನೆಯಲ್ಲಿ ಮಗ್ಗದ ಗುಣಿಯ ಅಂಚಿನಲ್ಲಿ ಕುಳಿತು ಬೀಗರ ಕೆಲಸವನ್ನು ನೋಡಿದೆವು. ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದಿರುವ ಮೊಳಕಾಲ್ಮುರು ಸೀರೆ ಇಂತಹ ಮಗ್ಗಗಳಲ್ಲಿಯೇ ಹುಟ್ಟುತ್ತದೆ. ನೇಯಲು ಕೂರುವ ಮೊದಲು ಅವರು ಹಾಸಿನ ಎಳೆಗಳ ಮೇಲೆ ಅಂಗೈಯಾಡಿಸಿದರು. ಸಡಿಲವಾದ ಒಂದೆಳೆಯನ್ನು ಬೆರಳೇ ಕಂಡುಹಿಡಿಯಿತು. ಲಾಳಿಯ ಮೈಯನ್ನು ತಡವಿ ಒರಟಿದೆಯೇ ಎಂದು ನೋಡಿದರು. ಲಾಳಿಯಲ್ಲಿ ಒಂದು ಸಿಬಿರೆದ್ದರೆ ರೇಷ್ಮೆಯ ಎಳೆಗಳು ಕಡಿಯುತ್ತವೆಯಂತೆ. ಅಳಿಯನ ಬೆಳಗಿನ ಪರೀಕ್ಷೆಗೂ ಇದಕ್ಕೂ ಏನು ವ್ಯತ್ಯಾಸ? ಕೈಗೆ ಅಭ್ಯಾಸವಾದುದು ಕೆಡುವ ಮೊದಲೇ ಕೈಗೆ ತಿಳಿಯುತ್ತದೆ.

ಮಧ್ಯಾಹ್ನದ ಊಟವಾದ ಮೇಲೆ ಉತ್ತರಕ್ಕೆ ಸಿದ್ಧಾಪುರದ ಕಡೆ ಹೊರಟೆವು. ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರರು ಬ್ರಹ್ಮಗಿರಿಯ ತಪ್ಪಲನ್ನು ಅಗೆಯಿಸಿದಾಗ, ಅಶೋಕನಿಗಿಂತ ಬಹು ಪ್ರಾಚೀನರಾದ ಜನರ ನುಣುಪಾದ ಕಲ್ಲುಕೊಡಲಿಗಳು ದೊರೆತುವು. ಯಾರೋ ಹಗಲೆಲ್ಲ ಕುಳಿತು ಉಜ್ಜಿ ಅಲಗು ತಂದ ಕೊಡಲಿಗಳು ಅವು. ಶಾಸನವು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯದು. ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಸಾರ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಹೇಳಿಕೊಂಡು, ಲಿಪಿಕಾರನೆಂಬ ಮಾತನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಕೈಯ ಗುರುತು! ಬೆರಳು ಕಳೆದುಕೊಂಡ ನಮ್ಮ ಶಿಷ್ಯನ ನೆನಪು ಅಲ್ಲಿಯೂ ಬಾರದೆ ಇರಲಿಲ್ಲ.

ಇಳಿದು ಬರುವಾಗ ಹೊತ್ತು ಬಾಡಿದ್ದಿತು. ಹಿಂದಿನ ರಾತ್ರಿ ಮಳೆಯಾಗಿ ಹೊಲದಂಚಿನ ಎರೆಮಣ್ಣು ನೆನೆದಿದ್ದಿತು; ಗಾಡಿಯ ಪಕ್ಕದ ಸ್ಟ್ಯಾಂಡು ಅದರಲ್ಲಿ ಹೂತುಹೋಗಿದ್ದಿತು. ಎಳೆದು ನಿಲ್ಲಿಸಿ ಗುಂಡಿಯೊತ್ತಿದರೆ ಯಂತ್ರ ಚಾಲೂ ಆಯಿತು. ಗೇರು ಹಾಕಿದೊಡನೆ ನಿಂತಿತು. ಮತ್ತೆ ಚಾಲೂ, ಮತ್ತೆ ಗೇರು, ಮತ್ತೆ ನಿಂತಿತು. ದಾರಿಯಲ್ಲಿ ಬರುತ್ತಿದ್ದ ರೈತರೊಬ್ಬರು, "ಪೆಟ್ರೋಲಿನ ಪಂಪು ಹೋಗಿರಬೇಕು, ಟೆಂಪೋದಲ್ಲಿ ಹಾಕಿಕೊಂಡು ಹೋಗಿ" ಎಂದರು. ಕತ್ತಲೆ ಹತ್ತಿರವಾಗುತ್ತಿದ್ದಿತು.

ಆಯುರ್ವೇದದಲ್ಲಿ ರೋಗವನ್ನು ತಿಳಿಯುವುದಕ್ಕೆ ಐದು ದಾರಿಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಎಂದರೆ ಮೂಲಕಾರಣ, ಮುನ್ಸೂಚನೆ, ಲಕ್ಷಣ, ಯಾವುದರಿಂದ ಶಮನವಾಗುವುದೆಂಬುದು, ರೋಗವು ಬೆಳೆದ ಬಗೆ. ನಾವು ಅಳಿಯನಿಗೆ ಅದೇ ಕ್ರಮದಲ್ಲಿ ಪ್ರಶ್ನೆ ಹಾಕುತ್ತ ಹೋದೆವು, ಉತ್ತರ ಅವನದು. "ಲಕ್ಷಣವೇನಪ್ಪಾ?" "ಗೇರು ಹಾಕಿದರೆ ಮಾತ್ರ ನಿಲ್ಲುತ್ತದೆ." "ಯಾವುದರಿಂದ ಶಮನ?" "ಗೇರು ತೆಗೆದರೆ ಸರಿಯಾಗಿ ಓಡುತ್ತದೆ. ಹಾಗಾದರೆ ಪಂಪೂ ಸರಿ, ಕಿಡಿಯೂ ಸರಿ, ಬ್ಯಾಟರಿಯೂ ಸರಿ." "ಈಚೆಗೆ ಅದಕ್ಕೆ ಹೊಸದಾಗಿ ಸಂಭವಿಸಿದುದೇನು?" ಅವನು ಕೆಳಗೆ ನೋಡಿದನು. "ಕೆಸರು, ಮಾವ. ಸ್ಟ್ಯಾಂಡಿನ ಸ್ವಿಚ್ಚು!"

ಸ್ಟ್ಯಾಂಡು ಕೆಳಗಿರುವಾಗ ಗಾಡಿ ಹೊರಟರೆ ಅದು ನೆಲಕ್ಕೆ ತಗಲಿ ಸವಾರನು ಬೀಳುವನು. ಆದುದರಿಂದ ಅದರ ಕೀಲಿನ ಬಳಿ ಒಂದು ಪುಟ್ಟ ಸ್ವಿಚ್ಚಿದೆ. ಸ್ಟ್ಯಾಂಡನ್ನು ಎತ್ತದೆ ಗೇರು ಹಾಕಿದರೆ ಯಂತ್ರವನ್ನು ಆರಿಸಿಬಿಡುತ್ತದೆ. ಈಗ ಸ್ಟ್ಯಾಂಡು ಮೇಲಿದ್ದರೂ ಕೆಸರು ಸಿಕ್ಕಿಕೊಂಡು ಸ್ವಿಚ್ಚು ಪೂರ್ತಿ ತಿರುಗಿರಲಿಲ್ಲ. ಕುಡಿಯುವ ನೀರನ್ನು ಸುರಿದು, ಕಡ್ಡಿಯಿಂದ ಮಣ್ಣನ್ನು ಬಿಡಿಸಿ, ಸ್ಟ್ಯಾಂಡನ್ನು ಹತ್ತು ಹನ್ನೆರಡು ಸಲ ಮೇಲೆ ಕೆಳಗೆ ಆಡಿಸಿದನು. ಗುಂಡಿಯೊತ್ತಿ ಗೇರು ಹಾಕಿದನು, ಯಂತ್ರ ನಿಲ್ಲಲಿಲ್ಲ. ರೈತರು ನಕ್ಕು, "ಒಂದು ಚೊಂಬು ನೀರಿನ ರೋಗ!" ಎಂದರು. ಕೆಲವರು ಇಂತಹ ತೊಂದರೆಗೆ ಬೇಸತ್ತು ಆ ಸ್ವಿಚ್ಚಿನ ತಂತಿಯನ್ನೇ ಕತ್ತರಿಸಿ ಸೇರಿಸಿಬಿಡುವರಂತೆ. ಅದು ಊರಿನ ಕಾವಲುಗಾರನನ್ನು ಓಡಿಸಿ ನೆಮ್ಮದಿಯಾಗಿ ಮಲಗುವ ಜಾಣತನ.

ಈ ಕ್ರಮವನ್ನು ಮನೆಯಲ್ಲಿ ಎಲ್ಲರೂ ಕಲಿಯಬಹುದು. ಗುಂಡಿಯೊತ್ತಿದರೆ ಟಿಕ್ ಟಿಕ್ ಎಂಬ ಸದ್ದು ಮಾತ್ರ ಬಂದರೆ ಬ್ಯಾಟರಿಯ ಕಡೆ ನೋಡಬೇಕು. ಅದರ ತಂತಿಗಳ ತುದಿ ಸಡಿಲವಾಗಿರಬಹುದು, ಅಥವಾ ಬಿಳಿಯ ಪುಡಿ ಕಟ್ಟಿರಬಹುದು. ಓಡದೆ ವಿಶ್ರಾಂತಿಯಲ್ಲಿರುವ ಸಾಮಾನ್ಯ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟು ತೋರಬೇಕು. ಯಂತ್ರ ತಿರುಗಿದರೂ ಹೊತ್ತಿಕೊಳ್ಳದಿದ್ದರೆ, ಮೊದಲು ಹಿಡಿಯ ಬಳಿಯ ಕೆಂಪು ಗುಂಡಿಯನ್ನೂ, ಆಮೇಲೆ ಪೆಟ್ರೋಲನ್ನೂ ನೋಡಿ, ಅನಂತರ ದೊಡ್ಡ ಕಾರಣಗಳನ್ನು ಹುಡುಕಬೇಕು. ಕಾವು ಏರಿದರೆ ರೇಡಿಯೇಟರಿನ ಸಂದುಗಳಲ್ಲಿ ಧೂಳೂ ಹುಳುಗಳೂ ತುಂಬಿರಬಹುದು. ಮೆಲ್ಲನೆ ನೀರು ಬಿಟ್ಟು ತೊಳೆಯಬೇಕು. ಬಿಸಿಯಿರುವಾಗ ಅದರ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮುವುದು. ಈ ಸೀಮೆಯ ಧೂಳಿನಲ್ಲಿ ಗಾಳಿಶೋಧಕವನ್ನು ಪುಸ್ತಕ ಹೇಳುವುದಕ್ಕಿಂತ ಮೊದಲೇ ಬಿಚ್ಚಿ ನೋಡುವುದು ಒಳ್ಳೆಯದು. ಸರಪಳಿಗೆ ಎಣ್ಣೆ ಹಾಕುವಾಗ ಒಂದು ಹನಿಯೂ ಬ್ರೇಕಿನ ತಟ್ಟೆಗಾಗಲಿ ಟೈರಿಗಾಗಲಿ ಬೀಳಕೂಡದು. ನೋಡುವುದು, ಒರಸುವುದು, ಅಳೆಯುವುದು, ಎಣ್ಣೆ ಸವರುವುದು ಮನೆಯ ಕೆಲಸ. ಬ್ರೇಕಿನ ಒಳಭಾಗ, ಯಂತ್ರದ ಹೊಟ್ಟೆ, ಮುಂಗಾಲಿಯ ಫೋರ್ಕು ಇವೆಲ್ಲ ಬಲ್ಲ ಮಿಸ್ತ್ರಿಯ ಕೆಲಸ. ಈ ಗೆರೆಯನ್ನು ಅರಿತಿರುವುದೂ ವಿದ್ಯೆಯ ಒಂದು ಭಾಗವೇ.

ವೇಗವನ್ನು ಪ್ರೀತಿಸುವ ಹುಡುಗನಿಗೆ ಬೇಡವೆಂದರೆ ಸಾಕೆಂದು ನಾವು ತಿಳಿದಿಲ್ಲ. ಬೇಡವೆಂದುದು ಮನೆಯ ಹೊರಗೆ ಹೋಗಿ ಗುಟ್ಟಾಗಿ ನಡೆಯುವುದು. ಅದಕ್ಕಿಂತ, ಪ್ರತಿದಿನ ಬೆಳಗ್ಗೆ ಕಾಲು ಗಂಟೆ ನಿಧಾನವಾಗಿ ಮಂಡಿಯೂರಿ ಕುಳಿತು ಗಾಡಿಯನ್ನು ನೋಡುವ ಅಭ್ಯಾಸವನ್ನು ಬೆಳೆಸುವುದು ಮೇಲು. ಹಾಗೆ ನೋಡಬಲ್ಲವನು, ಇಂದು ಹೊರಡಬಾರದೆಂದು ತನಗೆ ತಾನೇ ಹೇಳಿಕೊಳ್ಳಲೂ ಬಲ್ಲನು. ಆ ಸಂಯಮವಿಲ್ಲದವನಿಗೆ ಯಾವ ಗಾಡಿಯೂ ತಕ್ಕುದಲ್ಲ. ಇದ್ದವನಿಂದ ಅದನ್ನು ಕಿತ್ತುಕೊಳ್ಳಬೇಕಾದುದೂ ಇಲ್ಲ. ನಾವು ನಮ್ಮ ತಂಗಿಗೆ ಇಷ್ಟನ್ನೇ ಹೇಳಿದೆವು. ಗಾಡಿ ಮಾರಾಟವಾಗಲಿಲ್ಲ. ಈಗ ಬೆಳಗಿನ ಕಾಫಿಯನ್ನು ಅವಳು ಅಂಗಳಕ್ಕೇ ತಂದುಕೊಡುತ್ತಾಳಂತೆ. ಲೋಟವನ್ನು ಕೊಡುವ ಮೊದಲು ಕೇಳುವುದು ಎರಡೇ ಮಾತು: "ಗಾಳಿ ನೋಡಿದೆಯಾ? ಬ್ರೇಕು ಒತ್ತಿ ನೋಡಿದೆಯಾ?"